ಸಂಗೀತದ ಕೋಣೆಗೆ ಗಾಳಿಯ ಹಾದಿ

ಧಾರವಾಡ ಸೀಮೆಗೂ ಸಂಗೀತಕ್ಕೂ ಇರುವ ನಂಟು ನಾಡಿಗೆಲ್ಲ ತಿಳಿದದ್ದು. ಕುಂದಗೋಳದ ಸವಾಯಿ ಗಂಧರ್ವರು, ಧಾರವಾಡದ ಬಳಿಯ ಮನಸೂರಿನ ಮಲ್ಲಿಕಾರ್ಜುನ ಮನಸೂರರು, ಯಲಿವಾಳದ ಬಸವರಾಜ ರಾಜಗುರುಗಳು, ಹುಬ್ಬಳ್ಳಿಯ ಗಂಗೂಬಾಯಿ ಹಾನಗಲ್ಲರು ಈ ನೆಲದ ಗಾಳಿಯನ್ನೇ ಉಸಿರಾಡಿ ಹಾಡಿದವರು. ನೆರೆಯ ಗದುಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಪಂಚಾಕ್ಷರಿ ಗವಾಯಿಗಳೂ ಪುಟ್ಟರಾಜ ಗವಾಯಿಗಳೂ ಅಂಧ ಮಕ್ಕಳಿಗೆ, ಬಡ ಮಕ್ಕಳಿಗೆ ಅನ್ನವನ್ನೂ ಸ್ವರವನ್ನೂ ಒಟ್ಟಿಗೇ ಉಣಿಸಿದರು. ಆ ಪುಣ್ಯದ ಫಲವೋ ಎಂಬಂತೆ ಇಂದು ನಮ್ಮ ಮೊರಬದಂಥ ಊರುಗಳಲ್ಲಿಯೂ ವಚನ ಹಾಡುವ, ತಬಲಾ ನುಡಿಸುವ, ಪೇಟಿ ಹಿಡಿದು ಸ್ವರ ಕೂಡಿಸುವ ಮಕ್ಕಳು ಅನೇಕ ಮನೆಗಳಲ್ಲಿ ಕಾಣಸಿಗುತ್ತಾರೆ. ಇದು ಸಂತೋಷದ ಸಂಗತಿ.

ಆದರೆ ಮನೆಗಳು ಬದಲಾಗಿವೆ. ಹಿಂದಿನ ಮಣ್ಣಿನ ಮಾಳಿಗೆಯ ಮನೆಗಳಿಗೆ ಎರಡು ಅಡಿ ದಪ್ಪದ ಗೋಡೆಗಳಿದ್ದವು. ಒಳಗಿನ ಹಾಡು ನೆರೆಮನೆಯವರ ನಿದ್ದೆ ಕೆಡಿಸುತ್ತಿರಲಿಲ್ಲ. ಮಾಳಿಗೆಯ ಬೆಳಕಿಂಡಿಯಿಂದ ಬೆಳಕು ಇಳಿಯುತ್ತಿತ್ತು, ಬಿಸಿಗಾಳಿ ಮೇಲೇರಿ ಹೊರಟುಹೋಗುತ್ತಿತ್ತು. ಈಗಿನ ಸಿಮೆಂಟಿನ ಮನೆಗಳ ಗೋಡೆ ತೆಳು, ಮನೆಗೂ ಮನೆಗೂ ನಡುವೆ ಒಂದು ಮಾರು ಜಾಗವೂ ಇರುವುದಿಲ್ಲ. ಪಕ್ಕದ ಮನೆಯ ಮಗು ಪರೀಕ್ಷೆಗೆ ಓದುತ್ತಿರುವಾಗ, ಎದುರು ಮನೆಯಲ್ಲಿ ವೃದ್ಧರೊಬ್ಬರು ಮಲಗಿರುವಾಗ ತಬಲಾ ಬಾರಿಸುವುದು ಸರಿಯೆನಿಸುವುದಿಲ್ಲ. ಆದ್ದರಿಂದ ತಂದೆತಾಯಿಗಳು ಒಂದು ಸಣ್ಣ ಕೋಣೆಯನ್ನು ಆರಿಸಿ, ಕಿಟಕಿಯನ್ನು ಮುಚ್ಚಿ, ಬಾಗಿಲಿನ ಸಂದಿಗೆ ರಬ್ಬರಿನ ಪಟ್ಟಿ ಬಡಿದು, ಗೋಡೆಗೆ ಸ್ಪಂಜನ್ನೋ ಥರ್ಮಾಕೋಲನ್ನೋ ಹಚ್ಚಿ, ಮಕ್ಕಳ ಸಾಧನೆಗೆ ಬಿಟ್ಟುಕೊಡುತ್ತಿದ್ದಾರೆ. ನೆರೆಯವರಿಗೆ ತೊಂದರೆಯಾಗಬಾರದೆಂಬ ಆ ಸದ್ಭಾವನೆ ಮೆಚ್ಚತಕ್ಕದ್ದೇ. ಆದರೆ ಸದ್ದು ಹೊರಹೋಗುವ ಸಂದಿಗಳೆಲ್ಲವೂ ಗಾಳಿ ಒಳಬರುವ ಸಂದಿಗಳೇ ಆಗಿದ್ದವು. ಅವನ್ನು ಮುಚ್ಚಿದ ದಿನವೇ ಒಳಗೆ ಕುಳಿತವರ ಉಸಿರಿನ ಹಾದಿಯೂ ಮುಚ್ಚಿತು.

ಇಂಥ ಕೋಣೆಗಳಲ್ಲಿ ಸಾಧನೆ ಮಾಡುವವರ ದೂರುಗಳು ಬಹುಮಟ್ಟಿಗೆ ಒಂದೇ ಬಗೆಯವು. ಅರ್ಧ ಗಂಟೆಯ ನಂತರ ತಲೆ ಭಾರ, ಮೇಲಿಂದ ಮೇಲೆ ಆಕಳಿಕೆ, ಕಣ್ಣು ಉರಿ, ಮೈ ಬೆವರು, ಸ್ವರ ನಿಲ್ಲದಿರುವುದು, ಕಲಿತ ಪಾಠ ನೆನಪಿಗೆ ಬಾರದಿರುವುದು. ಮಗುವಿಗೆ ಆಸಕ್ತಿ ಕುಂದಿತೆಂದು ಗುರುಗಳು ಬೇಸರಪಡುತ್ತಾರೆ. ದೃಷ್ಟಿ ತಾಗಿತೆಂದು ತಾಯಿ ಉಪ್ಪು ಮೆಣಸಿನಕಾಯಿ ಇಳಿ ತೆಗೆಯುತ್ತಾಳೆ. ಔಷಧಕ್ಕೆಂದು ಬರುವ ಇಂಥವರಿಗೆ ನಾನು ಮೊದಲು ಕೊಡುವುದು ಒಂದು ಸಲಹೆಯನ್ನು: ಒಂದು ವಾರ ಪಡಸಾಲೆಯಲ್ಲಿ, ಬಾಗಿಲು ತೆರೆದು, ಅಷ್ಟೇ ಹೊತ್ತು ಹಾಡಿ ನೋಡಿ. ದೂರು ಇಳಿದರೆ ಚಿಕಿತ್ಸೆ ಬೇಕಾದದ್ದು ಕೋಣೆಗೆ. ಇಳಿಯದಿದ್ದರೆ ಕಣ್ಣು, ರಕ್ತ, ಮೂಗು, ಗಂಟಲುಗಳನ್ನು ಪರೀಕ್ಷಿಸಬೇಕು.

ಆಯುರ್ವೇದದ ನೋಟ

ವಾಯುವಿನ ಐದು ಭೇದಗಳಲ್ಲಿ ಉದಾನ ವಾಯುವಿನ ನೆಲೆ ಎದೆ. ಅದರ ಸಂಚಾರ ಮೂಗು, ಕಂಠ, ನಾಭಿಗಳಲ್ಲಿ. ಮಾತು ಹೊರಡುವುದು, ಪ್ರಯತ್ನ, ಉತ್ಸಾಹ, ಬಲ, ಮೈಬಣ್ಣ, ಸ್ಮೃತಿ ಇವೆಲ್ಲ ಉದಾನದ ಕರ್ಮಗಳೆಂದು ಅಷ್ಟಾಂಗ ಹೃದಯವು ಹೇಳುತ್ತದೆ. ಉಸಿರು ಕೆಟ್ಟಾಗ ಸ್ವರವೂ ಉತ್ಸಾಹವೂ ನೆನಪೂ ಒಟ್ಟಿಗೇ ಕುಂದುವುದನ್ನು ಈ ಪಟ್ಟಿಯೊಡನೆ ಹೋಲಿಸಿ ನೋಡಬಹುದು. ಸುಶ್ರುತ ಸಂಹಿತೆಯ ಉತ್ತರತಂತ್ರದಲ್ಲಿ ಸ್ವರಭೇದ ಚಿಕಿತ್ಸೆಗೆಂದೇ ಒಂದು ಅಧ್ಯಾಯವಿದೆ. ಅತಿ ಎತ್ತರದ ಧ್ವನಿಯಲ್ಲಿ ಮಾತನಾಡುವುದನ್ನೂ ಅತಿಯಾದ ಪಠಣವನ್ನೂ ಅದು ಆ ರೋಗದ ಕಾರಣಗಳಲ್ಲಿ ಎಣಿಸುತ್ತದೆ.

ಇನ್ನೂ ಸ್ವಾರಸ್ಯದ ಸಂಗತಿ ಚರಕ ಸಂಹಿತೆಯ ಸೂತ್ರಸ್ಥಾನದ 15ನೆಯ ಅಧ್ಯಾಯದಲ್ಲಿದೆ. ರೋಗಿಯ ಚಿಕಿತ್ಸೆಗಾಗಿ ಎಂಥ ಮನೆ ಕಟ್ಟಬೇಕೆಂದು ಆಚಾರ್ಯರು ಅಲ್ಲಿ ವಿವರಿಸುತ್ತಾರೆ. ಮನೆಯು ಗಟ್ಟಿಯಾಗಿರಬೇಕು, ಗಾಳಿ ನೇರವಾಗಿ ಮೈಮೇಲೆ ಬೀಸಬಾರದು, ಆದರೆ ಒಂದು ಭಾಗದಲ್ಲಿ ಗಾಳಿಯಾಡುತ್ತಿರಬೇಕು, ಹೊಗೆ ಬಿಸಿಲು ನೀರು ಧೂಳು ಒಳಗೆ ಬರಬಾರದು ಎಂಬುದು ಅವರ ಅಭಿಪ್ರಾಯ. ರೋಗಿಯ ಪರಿವಾರದಲ್ಲಿ ಹಾಡು ಮತ್ತು ವಾದ್ಯಗಳಲ್ಲಿ ನಿಪುಣರಾದವರೂ ಇರಬೇಕೆಂದು ಅದೇ ಅಧ್ಯಾಯ ಹೇಳುತ್ತದೆ. ನಮ್ಮ ಸಂಗೀತದ ಕೋಣೆಗೆ ಬೇಕಾದ ನಿಯಮವೂ ಇದೇ: ಗಾಳಿಯ ಹೊಡೆತ ಬೇಡ, ಗಾಳಿಯ ಸಂಚಾರ ಬೇಕು.

ಕೋಣೆಯ ಲೆಕ್ಕ

ಹತ್ತು ಅಡಿ ಉದ್ದ, ಎಂಟು ಅಡಿ ಅಗಲ, ಒಂಬತ್ತು ಅಡಿ ಎತ್ತರದ ಕೋಣೆಯಲ್ಲಿ 720 ಘನ ಅಡಿ, ಅಂದರೆ ಸುಮಾರು 20,000 ಲೀಟರ್ ಗಾಳಿ ಹಿಡಿಯುತ್ತದೆ. ಹಾಡುವವರು ಒಬ್ಬರು, ತಬಲಾ ಒಬ್ಬರು, ಪೇಟಿ ಒಬ್ಬರು ಎಂದು ಮೂವರು ಕುಳಿತರೆನ್ನೋಣ. ಒಬ್ಬ ವ್ಯಕ್ತಿ ಗಂಟೆಗೆ ಸುಮಾರು 20 ಲೀಟರ್ ಇಂಗಾಲದ ಡೈಆಕ್ಸೈಡನ್ನು ಹೊರಬಿಡುತ್ತಾನೆ. ಮೂವರಿಂದ 60 ಲೀಟರ್. ಇದು ಕೋಣೆಯ ಗಾಳಿಯ ಶೇಕಡಾ 0.3 ಭಾಗ, ವಿಜ್ಞಾನಿಗಳ ಅಳತೆಯಲ್ಲಿ ಹತ್ತು ಲಕ್ಷಕ್ಕೆ 3,000 ಭಾಗ. ಹೊರಗಿನ ಶುದ್ಧ ಗಾಳಿಯಲ್ಲಿ ಇದು ಹತ್ತು ಲಕ್ಷಕ್ಕೆ ಸುಮಾರು 420 ಭಾಗ ಮಾತ್ರ ಇರುತ್ತದೆ.

ಜರ್ಮನಿಯ ಮ್ಯೂನಿಕ್ ನಗರದ ಮ್ಯಾಕ್ಸ್ ಫಾನ್ ಪೆಟ್ಟೆನ್‌ಕೋಫರ್ ಎಂಬ ವೈದ್ಯವಿಜ್ಞಾನಿ 1858ರಲ್ಲಿಯೇ, ವಾಸದ ಕೋಣೆಯಲ್ಲಿ ಈ ಪ್ರಮಾಣ ಹತ್ತು ಲಕ್ಷಕ್ಕೆ 1,000 ಭಾಗವನ್ನು ಮೀರಬಾರದೆಂದು ಸೂಚಿಸಿದ್ದನು. ಮೇಲಿನ ಲೆಕ್ಕದಂತೆ ಪೂರ್ತಿ ಮುಚ್ಚಿದ ನಮ್ಮ ಕೋಣೆ ಆ ಗಡಿಯನ್ನು ಹನ್ನೆರಡು ನಿಮಿಷದೊಳಗೆ ದಾಟುತ್ತದೆ. ತಂಬೂರಿಯ ಶ್ರುತಿ ಕೂಡಿಸಿ, ಪೇಟಿಯ ಧೂಳು ಒರೆಸುವಷ್ಟರಲ್ಲಿ ಗಾಳಿ ಹಳಸಿರುತ್ತದೆ. ಇದರೊಂದಿಗೆ ಪ್ರತಿಯೊಬ್ಬರ ದೇಹವೂ ಸುಮಾರು ನೂರು ವಾಟಿನ ಬಲ್ಬಿನಷ್ಟು ಶಾಖವನ್ನು ಹೊರಹಾಕುತ್ತದೆ. ಉಸಿರಿನ ಮತ್ತು ಬೆವರಿನ ತೇವವೂ ಕೋಣೆಯಲ್ಲಿಯೇ ಉಳಿಯುತ್ತದೆ. ಆ ತೇವದಿಂದ ತಬಲಾದ ಚರ್ಮ ಸಡಿಲವಾಗುತ್ತದೆ, ಗೋಡೆಯ ಸ್ಪಂಜಿನ ಹಿಂದೆ ಬೂಜು ಹಿಡಿಯುತ್ತದೆ. ಬೂಜಿನ ಕಣಗಳು ದಮ್ಮು ಇರುವವರಿಗೆ ವೈರಿಗಳು.

ಮುಚ್ಚಿದ ಜಾಗದ ಗಾಳಿಯ ಅಪಾಯ ನಮ್ಮ ಹಿರಿಯರಿಗೆ ತಿಳಿಯದ್ದೇನೂ ಅಲ್ಲ. ಎರೆನಾಡಿನ ಊರುಗಳಲ್ಲಿ ಜೋಳ ತುಂಬಿಡುವ ಹಗೇವುಗಳಿದ್ದವು. ಬಾಯಿಗೆ ಕಲ್ಲುಹಾಸಿ ಮಣ್ಣು ಮೆತ್ತಿದ ಹಗೇವನ್ನು ತೆರೆದ ಕೂಡಲೇ ಯಾರೂ ಇಳಿಯುತ್ತಿರಲಿಲ್ಲ. ಬಹಳ ಹೊತ್ತು ಬಾಯಿ ತೆರೆದಿಟ್ಟು, ಉರಿಯುವ ದೀಪವನ್ನು ಹಗ್ಗಕ್ಕೆ ಕಟ್ಟಿ ಇಳಿಬಿಟ್ಟು, ಅದು ಆರದಿದ್ದರೆ ಮಾತ್ರ ಆಳು ಇಳಿಯುತ್ತಿದ್ದನು. ಕಾಳಿನ ಉಸಿರಾಟದಿಂದ ಆಮ್ಲಜನಕ ತೀರಿ, ಭಾರವಾದ ಇಂಗಾಲದ ಡೈಆಕ್ಸೈಡು ತಳದಲ್ಲಿ ನಿಂತಿರುತ್ತದೆಂಬ ಕಾರಣವನ್ನು ನಂತರದ ವಿಜ್ಞಾನ ವಿವರಿಸಿತು. ಈ ಎಚ್ಚರಿಕೆ ಮರೆತು ಇಳಿದವರು ಪ್ರಾಣ ಕಳೆದುಕೊಂಡದ್ದುಂಟು. ಸಂಗೀತದ ಕೋಣೆ ಹಗೇವಿನಷ್ಟು ಕ್ರೂರವಲ್ಲ. ಅಲ್ಲಿ ದೀಪ ಆರುವುದಿಲ್ಲ. ಆದ್ದರಿಂದಲೇ ದೀಪದ ಪರೀಕ್ಷೆ ಇಲ್ಲಿ ಉಪಯೋಗಕ್ಕೆ ಬಾರದು. ದೀಪ ಆರುವುದಕ್ಕೆ ಬಹಳ ಮೊದಲೇ ಮಗುವಿನ ತಲೆ ಭಾರವಾಗಿರುತ್ತದೆ.

ಸೋಂಕಿನ ಮಾತು

ಹಾಡುವಾಗ ಬಾಯಿಂದ ಹೊರಡುವ ಸೂಕ್ಷ್ಮ ಹನಿಗಳು ಸಾಧಾರಣ ಮಾತಿಗಿಂತ ಹೆಚ್ಚು. 2020ರ ಮಾರ್ಚ್ 10ರಂದು ಅಮೆರಿಕದ ವಾಷಿಂಗ್ಟನ್ ರಾಜ್ಯದ ಸ್ಕ್ಯಾಗಿಟ್ ಪ್ರಾಂತದಲ್ಲಿ ಒಂದು ಸಮೂಹ ಗಾಯನ ತಂಡದ ಅಭ್ಯಾಸ ನಡೆಯಿತು. ಸುಮಾರು ಎರಡೂವರೆ ಗಂಟೆಯ ಆ ಅಭ್ಯಾಸಕ್ಕೆ 61 ಜನ ಬಂದಿದ್ದರು. ಅವರಲ್ಲಿ ಮೊದಲೇ ಅಸ್ವಸ್ಥರಾಗಿದ್ದ ಒಬ್ಬರೂ ಸೇರಿ 53 ಜನರನ್ನು ಕೋವಿಡ್ ಪೀಡಿತರೆಂದು ಗುರುತಿಸಲಾಯಿತು. 33 ಜನರದು ಪರೀಕ್ಷೆಯಿಂದ ಖಚಿತವಾಯಿತು, ಉಳಿದವರದು ಲಕ್ಷಣಗಳಿಂದ. ಇಬ್ಬರು ತೀರಿಕೊಂಡರು. ನಮ್ಮ ನಾಡಿನಲ್ಲಿ ಇನ್ನೂ ಉಳಿದಿರುವ ಕ್ಷಯವೂ ಗಾಳಿಯಿಂದಲೇ ಹರಡುವ ರೋಗ. ಭಜನಾ ಮಂಡಳಿಯವರು ಶ್ರಾವಣದ ತಯಾರಿಗೆಂದು ಸಣ್ಣ ಕೋಣೆಯಲ್ಲಿ ಹತ್ತು ಹನ್ನೆರಡು ಜನ ಕೂಡುವಾಗ ಇದನ್ನು ನೆನಪಿಡಬೇಕು. ಎರಡು ವಾರ ಮೀರಿದ ಕೆಮ್ಮು ಇರುವವರು ಕಫ ಪರೀಕ್ಷೆ ಮಾಡಿಸಿಕೊಳ್ಳುವವರೆಗೆ ಮುಚ್ಚಿದ ಕೋಣೆಯ ಅಭ್ಯಾಸಕ್ಕೆ ಬರಬಾರದು.

ಫ್ಯಾನು, ಎಸಿ ಇದ್ದರೆ ಸಾಲದೇ?

ಅನೇಕರು ಕೇಳುವ ಪ್ರಶ್ನೆ ಇದು. ತಲೆಯ ಮೇಲಿನ ಫ್ಯಾನು ಕೋಣೆಯ ಗಾಳಿಯನ್ನೇ ತಿರುಗಿಸುತ್ತದೆ. ಬೆವರು ಆರುತ್ತದೆ, ಗಾಳಿ ಬದಲಾಗುವುದಿಲ್ಲ. ಗೋಡೆಗೆ ಹಾಕುವ ಸ್ಪ್ಲಿಟ್ ಎಸಿಯೂ ಒಳಗಿನ ಗಾಳಿಯನ್ನೇ ಎಳೆದು ತಂಪು ಮಾಡಿ ಒಳಗೇ ಬಿಡುತ್ತದೆ. ಮೂವತ್ತು ನಲವತ್ತು ಸಾವಿರ ರೂಪಾಯಿ ಸುರಿದು ಎಸಿ ಹಾಕಿಸಿದ ಕೋಣೆಯಲ್ಲಿಯೂ ತಲೆನೋವು ಬರುವುದು ಈ ಕಾರಣದಿಂದ. ಹಳೆಯ ಗಾಳಿ ಹೊರಗೆ, ಹೊಸ ಗಾಳಿ ಒಳಗೆ. ಇದೊಂದೇ ನಿಜವಾದ ಪರಿಹಾರ. ಒಬ್ಬರಿಗೆ ನಿಮಿಷಕ್ಕೆ ಸುಮಾರು 20 ಘನ ಅಡಿ ಹೊಸ ಗಾಳಿ ಬೇಕು. ಮೂವರಿಗೆ 60 ಘನ ಅಡಿ. ಆ ಲೆಕ್ಕದಲ್ಲಿ ನಮ್ಮ 720 ಘನ ಅಡಿಯ ಕೋಣೆಗೆ ಹನ್ನೆರಡು ನಿಮಿಷಕ್ಕೊಮ್ಮೆ ಕೋಣೆ ತುಂಬುವಷ್ಟು ಹೊಸ ಗಾಳಿ ಬರಬೇಕು.

ಖರ್ಚಿಲ್ಲದ ಉಪಾಯ

ಮೊದಲು ಹಣ ಬೇಡದ ಉಪಾಯವನ್ನು ಹೇಳುತ್ತೇನೆ. ಇಪ್ಪತ್ತು ನಿಮಿಷ ಸಾಧನೆ, ಐದಾರು ನಿಮಿಷ ಬಿಡುವು. ಬಿಡುವಿನಲ್ಲಿ ಬಾಗಿಲು ಮತ್ತು ಕಿಟಕಿಗಳನ್ನು ಎದುರುಬದುರಾಗಿ ಪೂರ್ತಿ ತೆರೆದು, ಎಲ್ಲರೂ ಹೊರಗೆ ಬಂದು, ನಾಲ್ಕು ಗುಟುಕು ಉಗುರುಬೆಚ್ಚಗಿನ ನೀರು ಕುಡಿದು, ಮೌನವಾಗಿರುವುದು. ಕೋಣೆಗೂ ಕಂಠಕ್ಕೂ ಒಟ್ಟಿಗೇ ವಿಶ್ರಾಂತಿ. ಇದಕ್ಕಾಗಿ ಕಿಟಕಿಯನ್ನು ಇಟ್ಟಿಗೆಯಿಂದ ಮುಚ್ಚಬಾರದು. ದಪ್ಪ ಹಲಗೆಯ ಮುಚ್ಚಳ ಮಾಡಿಸಿ, ಅಂಚಿಗೆ ರಬ್ಬರು ಹಚ್ಚಿ, ಬೇಕಾದಾಗ ತೆರೆಯುವಂತೆ ಇಡಬೇಕು. ಸದ್ದಿನಿಂದ ಯಾರಿಗೂ ತೊಂದರೆಯಾಗದ ಹಗಲು ಹೊತ್ತಿನಲ್ಲಿ ತಬಲಾ, ಬೆಳಗಿನ ಜಾವ ಮತ್ತು ರಾತ್ರಿಯಲ್ಲಿ ತಂಬೂರಿಯೊಡನೆ ಮೆಲುದನಿಯ ಮಂದ್ರ ಸಾಧನೆ ಎಂದು ಸಮಯ ಹಂಚಿಕೊಂಡರೆ ಕೋಣೆಯನ್ನು ಪೂರ್ತಿ ಮುಚ್ಚುವ ಪ್ರಸಂಗವೇ ಕಡಿಮೆಯಾಗುತ್ತದೆ.

ಬಡಿಗೇರರಿಂದ ಒಂದು ಪೆಟ್ಟಿಗೆ

ಗೋಡೆಗೆ ನೇರವಾಗಿ ತೂತು ಕೊರೆದು ಫ್ಯಾನು ಕೂಡಿಸಿದರೆ ಗಾಳಿ ಬರುತ್ತದೆ, ಆದರೆ ಸದ್ದೂ ಹೋಗುತ್ತದೆ. ಗೋಡೆಯ ನೂರರಲ್ಲಿ ಒಂದು ಭಾಗ ತೆರೆದಿದ್ದರೂ ಆ ಗೋಡೆ 20 ಡೆಸಿಬೆಲ್‌ಗಿಂತ ಹೆಚ್ಚು ಸದ್ದನ್ನು ತಡೆಯಲಾರದು. ಆದರೆ ಸದ್ದಿಗೂ ಗಾಳಿಗೂ ಒಂದು ವ್ಯತ್ಯಾಸವಿದೆ. ಅಗಲವಾದ ಹಾದಿಯಿದ್ದರೆ ಗಾಳಿ ಎಷ್ಟು ತಿರುವುಗಳನ್ನಾದರೂ ದಾಟುತ್ತದೆ. ಸದ್ದು ಮೆತ್ತನೆಯ ಹೊದಿಕೆಯುಳ್ಳ ತಿರುವುಗಳಲ್ಲಿ ಬಡಿದು ಬಡಿದು ಸೊರಗುತ್ತದೆ. ಆದ್ದರಿಂದ ಗಾಳಿಯನ್ನು ಬಳಸುದಾರಿಯಲ್ಲಿ ತರಬೇಕು.

ಪೆಟ್ಟಿಗೆಯ ವಿವರ ಹೀಗಿದೆ. 18 ಮಿ.ಮೀ. ದಪ್ಪದ, 8×4 ಅಡಿಯ ಒಂದು ಪ್ಲೈವುಡ್ ಹಾಳೆಯಿಂದ ನಾಲ್ಕು ಅಡಿ ಉದ್ದ, ಎರಡು ಅಡಿ ಎತ್ತರ, ಒಂದು ಅಡಿ ಆಳದ ಪೆಟ್ಟಿಗೆಯೊಂದು ಆಗುತ್ತದೆ. ಅದರೊಳಗೆ ಎರಡು ಅಡ್ಡಹಲಗೆಗಳನ್ನು ನಿಲ್ಲಿಸಿ ಮೂರು ಸಮ ಭಾಗ ಮಾಡಬೇಕು. ಒಂದು ಹಲಗೆ ತಳಕ್ಕೆ ಅಂಟಿಕೊಂಡು ಮೇಲೆ ಒಂಬತ್ತು ಇಂಚು ಬಿಡಬೇಕು. ಇನ್ನೊಂದು ಮೇಲಕ್ಕೆ ಅಂಟಿಕೊಂಡು ತಳದಲ್ಲಿ ಒಂಬತ್ತು ಇಂಚು ಬಿಡಬೇಕು. ಗಾಳಿ ಮೊದಲ ಭಾಗದ ತಳದಿಂದ ಹೊಕ್ಕು, ಏರಿ, ಇಳಿದು, ಮತ್ತೆ ಏರಿ, ಮೂರನೆಯ ಭಾಗದ ಮೇಲಿನಿಂದ ಹೊರಡುತ್ತದೆ. ಒಳಮೈಗೆಲ್ಲ ಎರಡು ಇಂಚು ದಪ್ಪದ ಮೆತ್ತನೆಯ ಹೊದಿಕೆ ಬೇಕು. ಹುಬ್ಬಳ್ಳಿಯ ಅಂಗಡಿಗಳಲ್ಲಿ ಕೇಳಿದರೆ ರಾಕ್‌ವೂಲ್ ದೊರೆಯುತ್ತದೆ. ಅದಕ್ಕೆ ಬೆಂಕಿ ತಾಗದು, ಆದರೆ ಅದರ ಎಳೆಗಳು ಮೈಗೆ ತುರಿಕೆ ತರುವುದರಿಂದ ತೆಳುಬಟ್ಟೆಯ ಚೀಲದಲ್ಲಿ ಹೊಲಿದು ಹಾಕಬೇಕು. ಹಣವಿಲ್ಲದವರು ಗಾಳಿ ಒಳಬರುವ ಪೆಟ್ಟಿಗೆಗೆ ಮನೆಯ ಹಳೆಯ ಕೌದಿಯನ್ನು ಮಡಿಸಿ ಬಡಿಯಬಹುದು. ಕೌದಿಯ ಹತ್ತಿರ ವಿದ್ಯುತ್ ತಂತಿ ಹಾಯಬಾರದು, ಕೌದಿಯನ್ನು ಆರು ತಿಂಗಳಿಗೊಮ್ಮೆ ಬಿಚ್ಚಿ ಬಿಸಿಲಿಗೆ ಹಾಕಬೇಕು.

ಇಂಥ ಎರಡು ಪೆಟ್ಟಿಗೆಗಳು ಬೇಕು. ಒಂದನ್ನು ಗೋಡೆಯ ಕೆಳಭಾಗದಲ್ಲಿ, ಹೊಸ ಗಾಳಿ ಬರಲು. ಇನ್ನೊಂದನ್ನು ಎದುರು ಗೋಡೆಯ ಮೇಲ್ಭಾಗದಲ್ಲಿ, ಬಿಸಿಯಾದ ಹಳೆಯ ಗಾಳಿ ಹೋಗಲು. ಪ್ರತಿಯೊಂದರಿಂದಲೂ ಆರು ಇಂಚಿನ ಪಿವಿಸಿ ಪೈಪು ಗೋಡೆ ದಾಟಿ ಹೊರಗೆ ತೆರೆಯಬೇಕು. ಮೇಲಿನ ಪೈಪಿನ ಹೊರತುದಿಯಲ್ಲಿ ಆರು ಇಂಚಿನ ಎಕ್ಸಾಸ್ಟ್ ಫ್ಯಾನು ಕೂಡಿಸಬೇಕು. ಫ್ಯಾನು ಹೊರತುದಿಯಲ್ಲಿದ್ದರೆ ಅದರ ಗುಂಯ್‌ಗುಟ್ಟುವಿಕೆಯೂ ಪೆಟ್ಟಿಗೆಯಲ್ಲಿಯೇ ಅಡಗುತ್ತದೆ, ತಂಬೂರಿಯ ಶ್ರುತಿಗೆ ಅಡ್ಡಬರುವುದಿಲ್ಲ. ತಿರುವುಗಳನ್ನೂ ಜಾಳಿಗೆಯನ್ನೂ ದಾಟುವಾಗ ಫ್ಯಾನಿನ ಗಾಳಿ ಅರ್ಧಕ್ಕೆ ಇಳಿಯಬಹುದಾದ್ದರಿಂದ, ಡಬ್ಬಿಯ ಮೇಲೆ ನಿಮಿಷಕ್ಕೆ 120 ಘನ ಅಡಿ ಅಥವಾ ಹೆಚ್ಚು ಎಂದು ಬರೆದದ್ದನ್ನು ಕೊಳ್ಳಬೇಕು. ಹಣ ಉಳಿಸಲು ಮೂರು ಇಂಚಿನ ಪೈಪು ಹಾಕಬಾರದು. ಅಷ್ಟೇ ಗಾಳಿ ಅಲ್ಲಿ ನಾಲ್ಕು ಪಟ್ಟು ವೇಗದಿಂದ ಹಾಯಬೇಕಾಗಿ ಸುಯ್ ಎಂಬ ಸದ್ದು ಏಳುತ್ತದೆ, ಫ್ಯಾನೂ ಸೋಲುತ್ತದೆ.

ಗಾಳಿ ಒಳಬರುವ ಬಾಯಿ ದನದ ಕೊಟ್ಟಿಗೆ, ಶೌಚಾಲಯ, ಬಚ್ಚಲ ಒಲೆಯ ಹೊಗೆ, ಮೋಟಾರ್ ಸೈಕಲ್ ನಿಲ್ಲಿಸುವ ಜಾಗ ಇವುಗಳಿಂದ ದೂರವಿರಲಿ. ರಾಶಿ ಮಾಡುವ ಕಾಲದಲ್ಲಿಯೂ ಮೆಣಸಿನಕಾಯಿ ಒಣಹಾಕುವ ಕಾಲದಲ್ಲಿಯೂ ನಮ್ಮಲ್ಲಿ ಧೂಳು ಘಾಟು ಹೆಚ್ಚು. ಆ ಬಾಯಿಗೆ ಸೊಳ್ಳೆಯ ಜಾಳಿಗೆ, ಅದರ ಮೇಲೆ ತೆಳುವಾದ ಮಲ್ಲು ಬಟ್ಟೆ ಕಟ್ಟಿ, ವಾರಕ್ಕೊಮ್ಮೆ ಒಗೆದು ಹಾಕಬೇಕು. ಮಳೆಯ ಇರಚಲು ಬಾರದಂತೆ ಪೈಪಿನ ಮೊಣಕೈಯನ್ನು ಕೆಳಮುಖವಾಗಿ ತಿರುಗಿಸಿರಬೇಕು. ಹಳೆಯ ಗಾಳಿ ಹೊರಡುವ ಬಾಯಿಯನ್ನು ನೆರೆಮನೆಯ ಕಿಟಕಿಯ ಕಡೆಗೆ ಬಿಡದೆ ಹಿತ್ತಲಿನ ಕಡೆಗೆ ಬಿಡಬೇಕು.

ಹಲಗೆ, ಪೈಪು, ಫ್ಯಾನು, ಕೂಲಿ ಎಲ್ಲವೂ ಸೇರಿ ಸಾಧಾರಣ ಎಸಿಯೊಂದರ ಅರ್ಧ ಬೆಲೆಯಲ್ಲಿ ಈ ಕೆಲಸ ಮುಗಿಸಬಹುದು. ಮನೆಯಲ್ಲಿ ಹಳೆಯ ಕಪಾಟಿನ ಹಲಗೆಗಳಿದ್ದರೆ ಇನ್ನೂ ಕಡಿಮೆ. 40 ವಾಟಿನ ಫ್ಯಾನು ದಿನಕ್ಕೆ ಎರಡು ಗಂಟೆ ತಿರುಗಿದರೆ ತಿಂಗಳಿಗೆ ಎರಡೂವರೆ ಯೂನಿಟ್ಟೂ ಆಗುವುದಿಲ್ಲ. ಸ್ವರ, ಪೇಟಿ, ತಾಳಗಳ ಸದ್ದನ್ನು ಈ ಪೆಟ್ಟಿಗೆ ಚೆನ್ನಾಗಿ ತಗ್ಗಿಸುತ್ತದೆ. ತಬಲಾದ ಡಗ್ಗಾದ ಗುಂಭ ನಾದವನ್ನು ಅಷ್ಟಾಗಿ ತಡೆಯಲಾರದು. ಅದಕ್ಕೆ ಹೊತ್ತು ನೋಡಿ ನುಡಿಸುವುದೇ ಮದ್ದು.

ಕೆಲಸ ಮುಗಿದ ಮೇಲೆ ಊದುಬತ್ತಿಯ ಪರೀಕ್ಷೆ ಮಾಡಿ. ಬಾಗಿಲು ಮುಚ್ಚಿ, ಫ್ಯಾನು ಹಾಕಿ, ಹೊತ್ತಿಸಿದ ಕಡ್ಡಿಯನ್ನು ಕೆಳಗಿನ ಪೆಟ್ಟಿಗೆಯ ಬಾಯಿಗೆ ಹಿಡಿದರೆ ಹೊಗೆ ಕೋಣೆಯ ಒಳಕ್ಕೆ ಬಾಗಬೇಕು. ಮೇಲಿನ ಬಾಯಿಗೆ ಹಿಡಿದರೆ ಹೊಗೆ ಅದರೊಳಕ್ಕೆ ಸೇದಿಹೋಗಬೇಕು. ಪರೀಕ್ಷೆಯ ನಂತರ ಕಡ್ಡಿಯನ್ನು ಹೊರಗಿಡಿ. ಸಾಧನೆಯ ಕೋಣೆಯಲ್ಲಿ ಊದುಬತ್ತಿ, ಲೋಬಾನ, ಸೊಳ್ಳೆಬತ್ತಿ ಹಚ್ಚುವ ರೂಢಿ ಕಂಠಕ್ಕೆ ಒಳ್ಳೆಯದಲ್ಲ. ದೇವರ ಮುಂದೆ ಹಚ್ಚಿ, ನಮಸ್ಕರಿಸಿ, ಆಮೇಲೆ ಕೋಣೆಗೆ ಬನ್ನಿ. ಭಜನಾ ಮಂಡಳಿಯವರು ಕೂಡಿ ಇಂಗಾಲದ ಡೈಆಕ್ಸೈಡ್ ಅಳೆಯುವ ಸಣ್ಣ ಯಂತ್ರವೊಂದನ್ನು ಕೊಂಡು ಮನೆಯಿಂದ ಮನೆಗೆ ಹಂಚಿಕೊಂಡು ನೋಡಿದರೆ ಇನ್ನೂ ಉತ್ತಮ.

ಮಾಡಲೇಬಾರದ ಕೆಲಸಗಳು

ಚಳಿಗಾಲದಲ್ಲಿ ಮುಚ್ಚಿದ ಕೋಣೆಯೊಳಗೆ ಇದ್ದಿಲಿನ ಕೆಂಡ ಇಡುವುದು, ಕರೆಂಟು ಹೋದಾಗ ಕೋಣೆಯ ಪಕ್ಕದಲ್ಲಿ ಜನರೇಟರ್ ಹಚ್ಚುವುದು ಪ್ರಾಣಕ್ಕೇ ಅಪಾಯ. ಅವುಗಳಿಂದ ಹೊರಡುವ ಕಾರ್ಬನ್ ಮಾನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ನಿದ್ದೆಯಂತೆ ಬಂದು ಎಚ್ಚರವಿಲ್ಲದಂತೆ ಮಾಡುತ್ತದೆ. ಕರೆಂಟು ಹೋದರೆ ಫ್ಯಾನು ನಿಂತಿತೆಂದು ಅರ್ಥ, ಬಾಗಿಲು ತೆರೆಯಿರಿ. ಗೋಡೆಗೆ ಥರ್ಮಾಕೋಲ್, ಮೊಟ್ಟೆಯ ಟ್ರೇ ಹಚ್ಚುವುದರಿಂದ ಹೊರಹೋಗುವ ಸದ್ದು ನಿಲ್ಲುವುದಿಲ್ಲ. ಥರ್ಮಾಕೋಲ್ ಮತ್ತು ಅಗ್ಗದ ಸ್ಪಂಜುಗಳು ಬೆಂಕಿ ತಗುಲಿದರೆ ಕ್ಷಣದಲ್ಲಿ ವಿಷದ ಹೊಗೆ ಉಗುಳುತ್ತವೆ. ಒಳಗಿನ ಪ್ರತಿಧ್ವನಿ ತಗ್ಗಿಸಲು ನೆಲಕ್ಕೊಂದು ನವಲಗುಂದದ ಜಮಖಾನೆ, ಗೋಡೆಗೊಂದು ಕೌದಿ ಸಾಕು. ಬಾಗಿಲಿಗೆ ಒಳಗಿನಿಂದ ಕೀಲಿಯಿಲ್ಲದೆ ತೆರೆಯುವ ಚಿಲಕವಿರಲಿ. ಮಕ್ಕಳನ್ನು ಒಳಗೆ ಬಿಟ್ಟು ಹೊರಗಿನಿಂದ ಎಂದೂ ಅಗಳಿ ಹಾಕಬೇಡಿ.

ಕಂಠದ ಆರೈಕೆ

ಸಾಧನೆಯ ನಂತರ ಬೆಚ್ಚಗಿನ ಉಪ್ಪುನೀರಿನಿಂದ ಬಾಯಿ ಮುಕ್ಕಳಿಸುವುದು ಹಿತ. ಜೇಷ್ಠಮಧುವಿನ ಸಣ್ಣ ತುಂಡನ್ನು ಬಾಯಲ್ಲಿಟ್ಟು ರಸ ನುಂಗಬಹುದು. ರಕ್ತದೊತ್ತಡ ಇರುವವರು ಮತ್ತು ಗರ್ಭಿಣಿಯರು ಅದನ್ನು ಬಳಸಬಾರದು. ಧ್ವನಿ ಒಡೆದಾಗ ಔಷಧಕ್ಕಿಂತ ಮೊದಲು ಮೌನ ಬೇಕು. ಪಿಸುಮಾತು ಮೌನಕ್ಕೆ ಸಮನಲ್ಲ, ಅದೂ ಕಂಠಕ್ಕೆ ಶ್ರಮವೇ. ಗೊಗ್ಗರು ಧ್ವನಿ ಮೂರು ವಾರ ಮೀರಿ ಉಳಿದರೆ ಮನೆಮದ್ದಿನಲ್ಲಿ ಕಾಲ ಕಳೆಯದೆ ಕಿವಿ ಮೂಗು ಗಂಟಲು ತಜ್ಞರಿಂದ ಸ್ವರತಂತುಗಳನ್ನು ಪರೀಕ್ಷಿಸಿಕೊಳ್ಳಬೇಕು. ಹಾಡುವಾಗ ತಲೆಸುತ್ತು, ವಾಂತಿ ಬಂದರೆ ಕೂಡಲೇ ಹೊರಗಿನ ಗಾಳಿಗೆ ಬರಬೇಕು. ಅನಂತರವೂ ಕಡಿಮೆಯಾಗದಿದ್ದರೆ ಆಸ್ಪತ್ರೆಗೆ ಹೋಗಬೇಕು.

ಮನೆಯಲ್ಲಿ ಸಂಗೀತದ ಕೋಣೆ ಮಾಡಿಸುವ ಯೋಚನೆಯುಳ್ಳ ಭಕ್ತರು ಬಾಗಿಲಿನ ರಬ್ಬರು ಕೊಳ್ಳುವ ಮೊದಲು ಗಾಳಿಯ ಪೆಟ್ಟಿಗೆಯ ಅಳತೆಯನ್ನು ಬಡಿಗೇರರಿಗೆ ಕೊಡಲಿ. ಈಗಾಗಲೇ ಕೋಣೆ ಮಾಡಿಸಿದವರು, ಪೆಟ್ಟಿಗೆ ಸಿದ್ಧವಾಗುವವರೆಗೆ, ಇಪ್ಪತ್ತು ನಿಮಿಷಕ್ಕೊಮ್ಮೆ ಕದ ತೆರೆಯುವ ನಿಯಮವನ್ನು ಇಂದಿನಿಂದಲೇ ಪಾಲಿಸಲಿ. ಮಕ್ಕಳ ಸ್ವರ ಬೆಳೆಯಲಿ, ಆರೋಗ್ಯವೂ ಅದರೊಂದಿಗೆ ಬೆಳೆಯಲಿ.